ಪೀನಟ್ ಬಟರ್ ಜೆಲ್ಲಿ ಸ್ಯಾಂಡ್‌ವಿಚ್: ಹುಟ್ಟಿದ ಕಥೆ, ಊರಿಗೊಂದು ರೂಪ, ಮನೆಯಲ್ಲೇ ಮಾಡುವ ಪೂರ್ತಿ ವಿಧಾನ

ಎರಡು ಹೋಳು ಬ್ರೆಡ್, ಒಂದಕ್ಕೆ ಕಡಲೆಬೀಜದ ಬೆಣ್ಣೆ, ಇನ್ನೊಂದಕ್ಕೆ ದ್ರಾಕ್ಷಿ ಜೆಲ್ಲಿ. ಅಮೆರಿಕದ ಮಕ್ಕಳ ಊಟದ ಡಬ್ಬಿಯಲ್ಲಿ ತಲೆಮಾರುಗಳಿಂದ ಇರುವ ಪೀನಟ್ ಬಟರ್ ಜೆಲ್ಲಿ, ಚಿಕ್ಕದಾಗಿ ಪಿಬಿಜೆ, ಅಂದರೆ ಇಷ್ಟೇ. ಒಲೆ ಬೇಡ, ಮಾಂಸ ಇಲ್ಲ, ಐದು ವರ್ಷದ ಮಗು ಕೂಡ ತಾನೇ ಮಾಡಿಕೊಳ್ಳಬಹುದು. ಅಲ್ಲಿಗೆ ಓದೋಕೆ ಹೋದ ನಮ್ಮ ಸಸ್ಯಾಹಾರಿ ಹುಡುಗರಿಗೂ ಇದು ಆಪತ್ತಿಗಾಗುವ ಊಟ.

ಆದರೆ ನಮ್ಮಲ್ಲಿ ಇದನ್ನು ಮಾಡಿ ತಿಂದ ಎಷ್ಟೋ ಜನ "ಅಯ್ಯೋ, ಇಷ್ಟೇನಾ?" ಅಂತ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇದಕ್ಕೆ ಕಾರಣ ನಾವು ಹಾಕುವ ಮಿಕ್ಸೆಡ್ ಫ್ರೂಟ್ ಜಾಮ್. ಅದರಲ್ಲಿ ಬರೀ ಸಿಹಿ ಇದೆ, ಹುಳಿ ಇಲ್ಲ. ಪಿಬಿಜೆಯ ರುಚಿ ನಿಂತಿರುವುದೇ ಕಡಲೆಬೀಜದ ಜಿಡ್ಡನ್ನು ಕತ್ತರಿಸುವ ಆ ಕಪ್ಪು ದ್ರಾಕ್ಷಿಯ ಹುಳಿ, ಒಗರಿನ ಮೇಲೆ. ಅಲ್ಲಿ ಅದಕ್ಕೆ ಬಳಸುವುದು ಕಾನ್‌ಕಾರ್ಡ್ ಅನ್ನುವ ದ್ರಾಕ್ಷಿ. ಅದು ಇಲ್ಲಿ ಸಿಗಲ್ಲ, ಆದರೆ ಅದರ ಹತ್ತಿರದ ಸಂಬಂಧಿ ನಮ್ಮ ಸಂತೆಯಲ್ಲೇ ಬುಟ್ಟಿಗಟ್ಟಲೆ ಬರುತ್ತೆ. ಅದೇ ಬೆಂಗಳೂರು ಬ್ಲೂ, ಬೀಜ ಇರುವ ಕಪ್ಪು ದ್ರಾಕ್ಷಿ. ಇಸಾಬೆಲ್ಲಾ ಅನ್ನುವ ಹಳೆಯ ಅಮೆರಿಕನ್ ತಳಿಗೇ ಇಲ್ಲಿ ಬೆಂಗಳೂರಿನ ಹೆಸರು ಬಿದ್ದಿದೆ. ಕಾನ್‌ಕಾರ್ಡ್ ಕೂಡ, ಇದು ಕೂಡ ಉತ್ತರ ಅಮೆರಿಕದ ಲಬ್ರುಸ್ಕಾ ಬಳ್ಳಿಯ ವಂಶದವು. ಹಣ್ಣನ್ನು ಬೆರಳಲ್ಲಿ ಒತ್ತಿದರೆ ಒಳಗಿನ ತಿರುಳು ಪುಸಕ್ ಅಂತ ಜಾರಿ ಆಚೆ ಬಂದು ಸಿಪ್ಪೆ ಕೈಯಲ್ಲೇ ಉಳಿಯುತ್ತಲ್ಲ, ಅದು ಈ ವಂಶದ ಗುರುತು. ಬೀಜವಿಲ್ಲದ ಉದ್ದ ದ್ರಾಕ್ಷಿಯಲ್ಲಿ ಹಾಗಾಗಲ್ಲ.

ಮೊದಲು ಕಥೆ

ಪೀನಟ್ ಬಟರ್ ಕಂಡುಹಿಡಿದವರು ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅಂತ ಎಲ್ಲ ಕಡೆ ಓದಿರುತ್ತೀರಿ. ಅದು ನಿಜ ಅಲ್ಲ. ಅವರು ದೊಡ್ಡ ಕೃಷಿ ವಿಜ್ಞಾನಿ, ಕಡಲೆಕಾಯಿ ಬೆಳೆಯುವುದು ಹೇಗೆ, ಅದರಿಂದ 105 ಬಗೆಯ ಅಡುಗೆ ಮಾಡುವುದು ಹೇಗೆ ಅಂತ 1916ರಲ್ಲಿ ಒಂದು ಕಿರುಹೊತ್ತಗೆ ತಂದರು. ಆದರೆ ಅಷ್ಟು ಹೊತ್ತಿಗೆ ಪೀನಟ್ ಬಟರ್ ಅಂಗಡಿಗೆ ಬಂದು ವರ್ಷಗಳೇ ಆಗಿದ್ದವು. ಕೆನಡಾದ ಮಾಂಟ್ರಿಯಲ್‌ನ ಮಾರ್ಸೆಲಸ್ ಗಿಲ್ಮೋರ್ ಎಡ್ಸನ್ 1884ರಲ್ಲೇ ಹುರಿದ ಕಡಲೆಬೀಜ ಅರೆದ ಪೇಸ್ಟ್‌ಗೆ ಪೇಟೆಂಟ್ ತೆಗೆದುಕೊಂಡಿದ್ದರು. ಆಮೇಲೆ ಮಿಷಿಗನ್‌ನ ಬ್ಯಾಟಲ್ ಕ್ರೀಕ್‌ನಲ್ಲಿ ಆರೋಗ್ಯಧಾಮ ನಡೆಸುತ್ತಿದ್ದ ಡಾಕ್ಟರ್ ಜಾನ್ ಹಾರ್ವೆ ಕೆಲಾಗ್ 1895ರಲ್ಲಿ ಇನ್ನೊಂದು ಪೇಟೆಂಟ್‌ಗೆ ಅರ್ಜಿ ಹಾಕಿದರು. ಅವರು ಕಟ್ಟಾ ಸಸ್ಯಾಹಾರಿ, ಮಾಂಸದ ಬದಲು ರೋಗಿಗಳಿಗೆ ಕೊಡೋಕೆ ಪುಷ್ಟಿಯಾದದ್ದು ಏನಾದರೂ ಬೇಕಿತ್ತು. ಹುರಿಯುವ ಬದಲು ಬೀಜ ಬೇಯಿಸಿ ಅರೆಯುತ್ತಿದ್ದರಂತೆ. ರುಚಿ ಹೇಗಿದ್ದಿರಬಹುದು, ನೀವೇ ಊಹಿಸಿ.

ಅದಕ್ಕೆ ಜೆಲ್ಲಿ ಸೇರಿಸಿದ ಮೊದಲ ಅಚ್ಚಾದ ಪಾಕವಿಧಾನ 1901ರದ್ದು. ಜೂಲಿಯಾ ಡೇವಿಸ್ ಚಾಂಡ್ಲರ್ ಅನ್ನುವವರು ಬಾಸ್ಟನ್‌ನ ಒಂದು ಅಡುಗೆ ಪತ್ರಿಕೆಯಲ್ಲಿ ಬರೆದರು. ತೀರ ತೆಳ್ಳಗಿನ ಮೂರು ಪದರ ಬ್ರೆಡ್, ನಡುವೆ ಕಡಲೆಬೀಜದ ಪೇಸ್ಟ್ ಮತ್ತು ಕರಂಟ್ ಅನ್ನುವ ಹುಳಿಹಣ್ಣಿನ ಅಥವಾ ಕ್ರ್ಯಾಬ್ ಆಪಲ್ ಅನ್ನುವ ಪುಟ್ಟ ಹುಳಿ ಸೇಬಿನ ಜೆಲ್ಲಿ. ಗಮನಿಸಿ, ದ್ರಾಕ್ಷಿ ಇನ್ನೂ ಬಂದಿಲ್ಲ. ಮಕ್ಕಳ ಊಟವೂ ಅಲ್ಲ. ಆಗ ಪೀನಟ್ ಬಟರ್ ದುಬಾರಿ, ಉಳ್ಳವರು ಟೀ ಕುಡಿಯುವ ಕಡೆ ತಟ್ಟೆಗೆ ಬರುತ್ತಿದ್ದ ತಿಂಡಿ.

ದ್ರಾಕ್ಷಿಯ ದಾರಿಯೇ ಬೇರೆ. ಮ್ಯಾಸಚೂಸೆಟ್ಸ್‌ನ ಕಾನ್‌ಕಾರ್ಡ್ ಊರಿನಲ್ಲಿ ಇಫ್ರೆಯಿಮ್ ಬುಲ್ ಅನ್ನುವವರು ಕಾಡುದ್ರಾಕ್ಷಿಯ ಬೀಜಗಳಿಂದ ಸಸಿ ಮಾಡಿ, ಸಾವಿರಾರು ಸಸಿಗಳಲ್ಲಿ ಆರಿಸಿ, 1849ರಲ್ಲಿ ಈ ತಳಿ ಪಡೆದರು. ಇದಾಗಿ 20 ವರ್ಷಕ್ಕೆ ನ್ಯೂಜೆರ್ಸಿಯ ವೈನ್‌ಲ್ಯಾಂಡ್‌ನಲ್ಲಿ ಥಾಮಸ್ ವೆಲ್ಚ್ ಎಂಬ ದಂತವೈದ್ಯರು ಚರ್ಚ್‌ನ ಪೂಜೆಗೆ ಅಮಲಿಲ್ಲದ ದ್ರಾಕ್ಷಾರಸ ಬೇಕು ಅಂತ ಕಾನ್‌ಕಾರ್ಡ್ ರಸವನ್ನು ಕಾಯಿಸಿ ಬಾಟಲಿಗೆ ತುಂಬಿದರು. ಅದೇ ಮುಂದೆ ವೆಲ್ಚ್ಸ್ ಕಂಪನಿ ಆಯಿತು. 1918ರಲ್ಲಿ ಕಂಪನಿ ಗ್ರೇಪ್‌ಲೇಡ್ ಅನ್ನುವ ಜಾಮ್ ತಂದಾಗ ಅದನ್ನು ಅಮೆರಿಕದ ಸೈನ್ಯವೇ ಕೊಂಡುಕೊಂಡಿತು. ಮೊದಲ ಮಹಾಯುದ್ಧ ಮುಗಿಸಿ ಬಂದ ಹುಡುಗರಿಗೆ ಅದರ ರುಚಿ ಹತ್ತಿತ್ತು.

ಇನ್ನು ಎರಡು ವಿಷಯ ಆಗಬೇಕಿತ್ತು, ಎರಡೂ 1920ರ ದಶಕದಲ್ಲಿ ಆದವು. ಮೊದಲನೆಯದು, ಕ್ಯಾಲಿಫೋರ್ನಿಯಾದ ಜೋಸೆಫ್ ರೋಸ್‌ಫೀಲ್ಡ್ ಪೀನಟ್ ಬಟರ್‌ನಲ್ಲಿ ಎಣ್ಣೆ ಮೇಲೆ ತೇಲದ ಹಾಗೆ ಮಾಡುವ ದಾರಿ ಕಂಡುಕೊಂಡರು. ಎಣ್ಣೆಯ ಸ್ವಲ್ಪ ಭಾಗವನ್ನು ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದರೆ ಅದು ಬೇರೆಯಾಗಲ್ಲ, ಬೇಗ ಕೆಡೋದೂ ಇಲ್ಲ. ಇದರಿಂದ ಡಬ್ಬಿಗಳು ದೂರದ ಊರಿಗೂ ಹೋದವು, ಬೆಲೆ ಇಳಿಯಿತು. ಪೀಟರ್ ಪ್ಯಾನ್, ಆಮೇಲೆ ಸ್ಕಿಪ್ಪಿ ಬಂದದ್ದು ಇದೇ ವಿಧಾನದಲ್ಲಿ. ಎರಡನೆಯದು, 1928ರ ಜುಲೈನಲ್ಲಿ ಮಿಸೌರಿಯ ಚಿಲಿಕಾಥಿ ಊರಿನ ಬೇಕರಿಯೊಂದು ಓಟೋ ರೋವೆಡರ್ ಅವರ ಯಂತ್ರದಿಂದ ಹೋಳು ಮಾಡಿದ ಬ್ರೆಡ್ ಮಾರಿತು. ಅಲ್ಲಿಂದಾಚೆ ಸ್ಯಾಂಡ್‌ವಿಚ್ ಮಾಡೋಕೆ ಚೂರಿ ಬೇಕಾಗಲಿಲ್ಲ, ಅಮ್ಮನೂ ಬೇಕಾಗಲಿಲ್ಲ! ಮಕ್ಕಳೇ ಮಾಡಿಕೊಂಡರು.

ಮುಂದೆ 1930ರ ದಶಕದ ಆರ್ಥಿಕ ಕುಸಿತದ ಕಷ್ಟಕಾಲ. ಮಾಂಸ ತರೋಕೆ ದುಡ್ಡಿಲ್ಲದ ಮನೆಗಳಲ್ಲಿ ಇದು ಹೊಟ್ಟೆ ತುಂಬಿಸಿತು. ಎರಡನೇ ಮಹಾಯುದ್ಧದಲ್ಲಿ ಮಾಂಸಕ್ಕೆ ರೇಷನ್ ಬಂತು, ಪೀನಟ್ ಬಟರ್‌ಗೆ ಬರಲಿಲ್ಲ. ತಮಾಷೆ ಅಂದರೆ 1943ರ ಜನವರಿಯಲ್ಲಿ ಸರ್ಕಾರ ಹೋಳು ಮಾಡಿದ ಬ್ರೆಡ್ ಮಾರೋದನ್ನೇ ನಿಷೇಧಿಸಿತು, ಜನ ಎಷ್ಟು ರೇಗಿದರು ಅಂದರೆ ಮಾರ್ಚ್‌ನಲ್ಲೇ ನಿಷೇಧ ವಾಪಸ್.

ಅಮೆರಿಕದಲ್ಲಿ ಡಬ್ಬಿ ಮೇಲೆ ಪೀನಟ್ ಬಟರ್ ಅಂತ ಬರೆಯಬೇಕಾದರೆ ಒಳಗೆ ಶೇಕಡಾ 90 ಕಡಲೆಬೀಜ ಇರಲೇಬೇಕು. ಕಂಪನಿಗಳಿಗೂ ಸರ್ಕಾರಕ್ಕೂ 10 ವರ್ಷಕ್ಕೂ ಜಾಸ್ತಿ ಹಗ್ಗಜಗ್ಗಾಟ ನಡೆದು 1971ರಲ್ಲಿ ಈ ನಿಯಮ ಜಾರಿಯಾಯಿತು. ಸರಿ, ಇನ್ನು ಅಡುಗೆಮನೆಗೆ ಹೋಗೋಣ.

ಹಂತ 1: ಕಡಲೆಬೀಜದ ಬೆಣ್ಣೆ

ಅರ್ಧ ಕೆಜಿ ಒಣ ಕಡಲೆಬೀಜ ತೆಗೆದುಕೊಳ್ಳಿ. ಉತ್ತರ ಕರ್ನಾಟಕದವರಿಗೆ ಶೇಂಗಾ ಅಂತ ಹೇಳಬೇಕಾಗಿಲ್ಲ ತಾನೆ. ಕಡಲೆಕಾಯಿ ಪರಿಷೆಯಿಂದ ತಂದ ಹಸಿಕಾಯಿ ಇದಕ್ಕೆ ಆಗಲ್ಲ, ಅದನ್ನು ಬೇಯಿಸಿ ತಿನ್ನಿ. ಬೀಜ ಆರಿಸುವಾಗ ಮುದುಡಿದ್ದು, ಬೂಷ್ಟು ಹಿಡಿದದ್ದು, ಕಪ್ಪಾಗಿದ್ದು ಎಲ್ಲ ಎಸೆಯಿರಿ. ಬೂಷ್ಟು ಹಿಡಿದ ಕಡಲೆಬೀಜದಲ್ಲಿ ಅಫ್ಲಟಾಕ್ಸಿನ್ ಅನ್ನುವ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗಲ್ಲ. ಇದರಲ್ಲಿ ಜಿಪುಣತನ ಬೇಡ.

ದಪ್ಪ ತಳದ ಬಾಣಲೆ, ಸಣ್ಣ ಉರಿ, 12ರಿಂದ 15 ನಿಮಿಷ. ಕೈ ಬಿಡದೆ ಆಡಿಸುತ್ತಿರಿ. ಸಿಪ್ಪೆ ಅಲ್ಲಲ್ಲಿ ಸಿಡಿದು, ಒಳಗಿನ ಬೀಜ ತಿಳಿ ಕಂದು ಬಣ್ಣಕ್ಕೆ ಬಂದಾಗ ಇಳಿಸಿ. ಉರಿ ಜಾಸ್ತಿ ಮಾಡಿದರೆ ಹೊರಗೆ ಸೀದು ಒಳಗೆ ಹಸಿ ಉಳಿಯುತ್ತೆ, ಅರೆದ ಮೇಲೆ ಎರಡೂ ವಾಸನೆ ಬರುತ್ತೆ. ಬೆಚ್ಚಗಿರುವಾಗಲೇ ಬಟ್ಟೆಯಲ್ಲಿ ಹಾಕಿ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ತೆಗೆಯಿರಿ. ಪೂರ್ತಿ ತಣ್ಣಗಾಗೋಕೆ ಬಿಡಬೇಡಿ, ಸ್ವಲ್ಪ ಬಿಸಿ ಇದ್ದರೆ ಎಣ್ಣೆ ಬೇಗ ಬಿಡುತ್ತೆ.

ಮಿಕ್ಸಿ ಜಾರ್ ಅರ್ಧಕ್ಕಿಂತ ಜಾಸ್ತಿ ತುಂಬಿಸಬೇಡಿ. ಪೂರ್ತಿ ಒಣಗಿರಬೇಕು, ಒಂದು ಹನಿ ನೀರೂ ಇರಬಾರದು. ಅರ್ಧ ನಿಮಿಷ ತಿರುಗಿಸಿ, ನಿಲ್ಲಿಸಿ, ಬದಿಗೆ ಅಂಟಿದ್ದನ್ನು ಕೆಳಗೆ ತಳ್ಳಿ, ಮತ್ತೆ ತಿರುಗಿಸಿ. ಮೊದಲು ಪುಡಿ ಆಗುತ್ತೆ. ಆಮೇಲೆ ಒದ್ದೆ ಮರಳಿನ ಹಾಗೆ ಕಟ್ಟಿಕೊಳ್ಳುತ್ತೆ, ಬ್ಲೇಡು ಸುಮ್ನೆ ಗಾಳಿಯಲ್ಲಿ ತಿರುಗುತ್ತೆ. ಬಹಳಷ್ಟು ಜನ ಇಲ್ಲಿ ಹೆದರಿ ನೀರು ಹಾಕುತ್ತಾರೆ. ಬೇಡ! ನೀರು ಬಿದ್ದರೆ ಗಂಟು ಕಟ್ಟಿ ಚಟ್ನಿ ಆಗುತ್ತೆ, ಎರಡು ದಿನಕ್ಕೆ ಹಳಸುತ್ತೆ. ಐದು ನಿಮಿಷ ಮಿಕ್ಸಿ ತಣ್ಣಗಾಗಲಿ, ಮತ್ತೆ ತಿರುಗಿಸಿ. ಬದಿಯಲ್ಲಿ ಎಣ್ಣೆಯ ಮಿಂಚು ಕಾಣುತ್ತೆ, ಆ ಮುದ್ದೆ ಇದ್ದಕ್ಕಿದ್ದಂತೆ ಸಡಿಲವಾಗಿ ಹರಿಯೋಕೆ ಶುರುವಾಗುತ್ತೆ. ಇನ್ನೂ ಎರಡು ಸುತ್ತು ತಿರುಗಿಸಿದರೆ ನಯವಾಗುತ್ತೆ. ಮುಕ್ಕಾಲು ಚಮಚ ಉಪ್ಪು ಹಾಕಿ, ಬೇಕಿದ್ದರೆ ಎರಡು ಚಮಚ ಪುಡಿ ಸಕ್ಕರೆ. ಜೇನುತುಪ್ಪದಲ್ಲೂ ನೀರಿನಂಶ ಇರೋದರಿಂದ ಮತ್ತೆ ಗಟ್ಟಿಯಾಗುತ್ತೆ, ಅದನ್ನು ತಿನ್ನುವಾಗ ಹಾಕಿಕೊಳ್ಳಿ. ಕರುಂ ಕುರುಂ ಅನ್ನಬೇಕು ಅನ್ನುವವರು ಒಂದು ಹಿಡಿ ಬೀಜ ತರಿಯಾಗಿ ಕುಟ್ಟಿ ಕೊನೆಯಲ್ಲಿ ಬೆರೆಸಿ.

ಒಣ ಗಾಜಿನ ಬಾಟಲಿಯಲ್ಲಿ ಹೊರಗೆ ಎರಡು ವಾರ, ಫ್ರಿಜ್‌ನಲ್ಲಿ ಎರಡು ತಿಂಗಳು. ಮೇಲೆ ಎಣ್ಣೆ ನಿಂತರೆ ಕೆಟ್ಟಿದೆ ಅಂತಲ್ಲ, ಕಲಸಿ ಅಷ್ಟೆ. ರೋಸ್‌ಫೀಲ್ಡ್ ತಪ್ಪಿಸಿದ್ದು ಇದನ್ನೇ.

ಹಂತ 2: ದ್ರಾಕ್ಷಿ ಜೆಲ್ಲಿ

ಹಿಂದಿನ ದಿನವೇ ಶುರು ಮಾಡಬೇಕು, ಅವಸರದ ಕೆಲಸ ಅಲ್ಲ. ಇಲ್ಲಿ ಜೆಲ್ಲಿ ಅಂದರೆ ಮಕ್ಕಳ ಪಾರ್ಟಿಯಲ್ಲಿ ಅಲ್ಲಾಡುವ, ಪ್ರಾಣಿಗಳ ಮೂಳೆ ಚರ್ಮದಿಂದ ತೆಗೆದ ಜೆಲಟಿನ್ ಹಾಕಿದ ಜೆಲ್ಲಿ ಅಲ್ಲ. ಹಣ್ಣಿನ ರಸವನ್ನಷ್ಟೇ ಸೋಸಿ ಸಕ್ಕರೆ ಹಾಕಿ ಕಾಯಿಸಿ ಗಟ್ಟಿ ಮಾಡಿದ್ದು, ತಿರುಳು ಸಿಪ್ಪೆ ಏನೂ ಇರಲ್ಲ.

ಒಂದೂವರೆ ಕೆಜಿ ಬೆಂಗಳೂರು ಬ್ಲೂ ತನ್ನಿ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ, ಹಾಗಾಗಿ ಬಹಳ ಕಾಯಬೇಕಾಗಿಲ್ಲ. ಕಾಲುಭಾಗ ಹಣ್ಣು ಇನ್ನೂ ಕೆಂಪಗೆ, ಪೂರ್ತಿ ಮಾಗದೆ ಇದ್ದರೆ ಒಳ್ಳೆಯದು. ಜೆಲ್ಲಿ ಗಟ್ಟಿಯಾಗೋದು ಹಣ್ಣಿನ ಪೆಕ್ಟಿನ್‌ನಿಂದ, ಅದು ಕಾಯಿಯಲ್ಲಿ ಜಾಸ್ತಿ. ಅಂಗಡಿಯವರ ಹತ್ತಿರ ಸ್ವಲ್ಪ ಹುಳಿ ಇರೋದೇ ಕೊಡಿ ಅಂದರೆ ವಿಚಿತ್ರವಾಗಿ ನೋಡುತ್ತಾರೆ, ಪರವಾಗಿಲ್ಲ.

ಚೆನ್ನಾಗಿ ತೊಳೆದು ತೊಟ್ಟು ಬಿಡಿಸಿ, ಪಾತ್ರೆಯಲ್ಲಿ ಕೈಯಿಂದ ಹಿಸುಕಿ, ಅರ್ಧ ಕಪ್ ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ 10 ನಿಮಿಷ ಬೇಯಿಸಿ. ಮೊದಲು ಗುಲಾಬಿ ಬಣ್ಣದ ನೀರು ಕಾಣುತ್ತೆ, ಸಿಪ್ಪೆ ಬೆಂದ ಹಾಗೆ ಕಡು ನೇರಳೆಗೆ ತಿರುಗುತ್ತೆ. ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದರೆ ಕಹಿ. ಒದ್ದೆ ಮಾಡಿದ ತೆಳು ಹತ್ತಿ ಬಟ್ಟೆಯಲ್ಲಿ ಕಟ್ಟಿ ಪಾತ್ರೆ ಮೇಲೆ ನೇತುಹಾಕಿ, ತಾನಾಗಿ ತೊಟ್ಟಿಕ್ಕಲಿ. ಹಿಂಡಿದರೆ ರಸ ಜಾಸ್ತಿ ಬರುತ್ತೆ ನಿಜ, ಆದರೆ ಜೆಲ್ಲಿ ಮಬ್ಬಾಗುತ್ತೆ.

ರಸವನ್ನು ಒಂದು ರಾತ್ರಿ ಫ್ರಿಜ್‌ನಲ್ಲಿಡಿ. ಇದನ್ನು ಬಿಡಬೇಡಿ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲದ ಲವಣ ತಣ್ಣಗಾದಾಗ ಸಣ್ಣ ಹರಳಾಗಿ ತಳಕ್ಕೆ ಕೂರುತ್ತೆ, ಹಾಗೇ ಕಾಯಿಸಿದರೆ ಆಮೇಲೆ ಜೆಲ್ಲಿಯಲ್ಲಿ ಕಚಕಚ ಅಂತ ಹಲ್ಲಿಗೆ ಸಿಗುತ್ತೆ. ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ನಿಧಾನವಾಗಿ ಬಗ್ಗಿಸಿಕೊಂಡು ಇನ್ನೊಮ್ಮೆ ಸೋಸಿ.

ಈಗ ಅಳತೆ. ಪ್ರತಿ ಕಪ್ ರಸಕ್ಕೆ ಮುಕ್ಕಾಲು ಕಪ್ ಸಕ್ಕರೆ, ಒಟ್ಟಿಗೆ ಒಂದು ನಿಂಬೆಹಣ್ಣಿನ ರಸ. ಅಗಲ ಬಾಯಿಯ ದೊಡ್ಡ ಪಾತ್ರೆ ಬೇಕು, ಯಾಕಂದರೆ ನೊರೆ ಉಕ್ಕಿ ಬರುತ್ತೆ. ಸಕ್ಕರೆ ಕರಗಿದ ಮೇಲೆ ಜೋರು ಉರಿ. ನೊರೆ ತೆಗೆಯುತ್ತಿರಿ. ಅಮೆರಿಕದ ಪುಸ್ತಕಗಳಲ್ಲಿ 104 ಡಿಗ್ರಿ ಸೆಲ್ಸಿಯಸ್ ಬರುವವರೆಗೆ ಕಾಯಿಸಿ ಅಂತ ಇರುತ್ತೆ. ಅದು ಸಮುದ್ರಮಟ್ಟದ ಲೆಕ್ಕ, ಮಂಗಳೂರಿನವರಿಗೆ ಸರಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯೋದೇ 97ರ ಹತ್ತಿರ. ಜೆಲ್ಲಿಯ ಹದ ಅಂದರೆ ನೀರು ಕುದಿಯುವ ಬಿಸಿಗಿಂತ ನಾಲ್ಕೂವರೆ ಡಿಗ್ರಿ ಮೇಲೆ, ಅಂದರೆ ಇಲ್ಲಿ 101, 102ಕ್ಕೇ ಆಗಿಹೋಗುತ್ತೆ. 104ರವರೆಗೆ ಕಾದರೆ ಬಾಟಲಿಯಿಂದ ಚಮಚ ಏಳಲ್ಲ.

ಥರ್ಮಾಮೀಟರ್ ಇಲ್ಲದಿದ್ದರೆ ಫ್ರೀಜರ್‌ನಲ್ಲಿ ಒಂದು ತಟ್ಟೆ ಇಟ್ಟಿರಿ. ಅದರ ಮೇಲೆ ಒಂದು ಹನಿ ಬಿಟ್ಟು ಒಂದು ನಿಮಿಷ ಬಿಟ್ಟು ಬೆರಳಿಂದ ತಳ್ಳಿದಾಗ ಮೇಲ್ಪದರ ಸುಕ್ಕುಗಟ್ಟಿದರೆ ಆಯಿತು. ಕುದಿನೀರಿನಲ್ಲಿ ಕಾಯಿಸಿ ಒಣಗಿಸಿದ ಬಾಟಲಿಗೆ ಬಿಸಿಯಾಗಿಯೇ ತುಂಬಿ. ಫ್ರಿಜ್‌ನಲ್ಲಿ ಒಂದು ತಿಂಗಳು ಧಾರಾಳವಾಗಿ ಇರುತ್ತೆ. ಮಾರನೇ ದಿನವೂ ನೀರಾಗೇ ಇದ್ದರೆ ಮತ್ತೆ ಕುದಿಸಬಹುದು.

ಹಂತ 3: ಜೋಡಿಸುವುದು

ಬ್ರೆಡ್ ಮೆತ್ತಗಿನ ಬಿಳಿ ಸ್ಯಾಂಡ್‌ವಿಚ್ ಬ್ರೆಡ್ಡೇ ಇರಲಿ. ಬೇಕರಿಯ ಸ್ವೀಟ್ ಬ್ರೆಡ್ ಬೇಡ, ಸಿಹಿಯ ಮೇಲೆ ಸಿಹಿ ಆಗುತ್ತೆ.

ಎರಡೂ ಹೋಳಿಗೆ ಅಂಚಿನವರೆಗೆ ಪೀನಟ್ ಬಟರ್ ತೆಳ್ಳಗೆ ಸವರಿ, ಜೆಲ್ಲಿಯನ್ನು ನಡುವೆ ಹಾಕಿ. ಒಂದಕ್ಕೆ ಇದು, ಇನ್ನೊಂದಕ್ಕೆ ಅದು ಅನ್ನೋದು ತಕ್ಷಣ ತಿನ್ನೋಕೆ ಸರಿ. ಡಬ್ಬಿಗಾದರೆ ಮಧ್ಯಾಹ್ನದ ಹೊತ್ತಿಗೆ ಜೆಲ್ಲಿ ಬ್ರೆಡ್ಡಿಗೆ ಇಳಿದು ನೇರಳೆ ಬಣ್ಣದ ಒದ್ದೆ ಮುದ್ದೆ ಆಗಿರುತ್ತೆ. ಜಿಡ್ಡು ಎರಡೂ ಕಡೆ ಇದ್ದರೆ ನೀರು ದಾಟಲ್ಲ. ಪ್ರಮಾಣ ಒಟ್ಟು ಎರಡು ದೊಡ್ಡ ಚಮಚ ಪೀನಟ್ ಬಟರ್‌ಗೆ ಒಂದೂವರೆ ಜೆಲ್ಲಿ. ಜೊತೆಗೆ ಒಂದು ಲೋಟ ತಣ್ಣನೆ ಹಾಲು, ಇಲ್ಲದಿದ್ದರೆ ಬಾಯಿಯ ಅಂಗುಳಕ್ಕೆ ಅಂಟಿಕೊಂಡು ಒದ್ದಾಡುತ್ತೀರಿ.

ಅಂಚು ತೆಗೆದು ಸುತ್ತ ಒತ್ತಿ ಮುಚ್ಚಿದ ರೂಪವೂ ಇದೆ, ಅನ್‌ಕ್ರಸ್ಟಬಲ್ಸ್ ಅಂತ. ಸ್ಮಕರ್ಸ್ ಕಂಪನಿಗೆ ಇದರ ಮೇಲೆ 1999ರಲ್ಲಿ ಪೇಟೆಂಟ್ ಇತ್ತು, ಅಂಚಿಲ್ಲದ ಸ್ಯಾಂಡ್‌ವಿಚ್‌ಗೆ! ಅದನ್ನು ಇನ್ನಷ್ಟು ಹಿಗ್ಗಿಸೋಕೆ ಹೋದಾಗ 2005ರಲ್ಲಿ ಕೋರ್ಟ್ ಒಪ್ಪಲಿಲ್ಲ.

ಊರೂರಿನ ರೂಪಗಳು

*ನ್ಯೂ ಇಂಗ್ಲೆಂಡ್.* ಅಮೆರಿಕದ ಈಶಾನ್ಯ ಮೂಲೆಯ ರಾಜ್ಯಗಳು ಇವು. ಇಲ್ಲಿ ಜೆಲ್ಲಿಯ ಜಾಗದಲ್ಲಿ ನೊರೆಯಂಥ ಸಿಹಿ ಮಾರ್ಷ್‌ಮ್ಯಾಲೋ ಕ್ರೀಮ್, ಹೆಸರು ಫ್ಲಫರ್‌ನಟರ್. ಮ್ಯಾಸಚೂಸೆಟ್ಸ್‌ನ ಸೋಮರ್‌ವಿಲ್‌ನಲ್ಲಿ ಆರ್ಚಿಬಾಲ್ಡ್ ಕ್ವೆರಿ 1917ರಲ್ಲಿ ಫ್ಲಫ್ ಅನ್ನುವ ಹೆಸರಿನ ಇಂಥ ಕ್ರೀಮ್ ಮಾಡಿ ಮನೆಮನೆಗೆ ಮಾರಿದರು, ಆಮೇಲೆ ಲಿನ್ ಊರಿನ ಡರ್ಕಿ-ಮೋವರ್ ಕಂಪನಿ ಅದನ್ನು ಕೊಂಡಿತು. ಆದರೆ ಮೊದಲ ಮಹಾಯುದ್ಧದಲ್ಲೇ ಅದೇ ರಾಜ್ಯದ ಮೆಲ್ರೋಸ್‌ನ ಎಮ್ಮಾ ಕರ್ಟಿಸ್ ತಮ್ಮದೇ ಮಾರ್ಷ್‌ಮ್ಯಾಲೋ ಕ್ರೀಮ್‌ಗೆ ಪೀನಟ್ ಬಟರ್ ಸೇರಿಸಿ, ಗೋಧಿ ಉಳಿಸೋಕೆ ಓಟ್ಸ್ ಅಥವಾ ಬಾರ್ಲಿ ಬ್ರೆಡ್‌ನಲ್ಲಿ ಲಿಬರ್ಟಿ ಸ್ಯಾಂಡ್‌ವಿಚ್ ಹೇಳಿಕೊಟ್ಟಿದ್ದರು. 2006ರಲ್ಲಿ ರಾಜ್ಯದ ಸೆನೆಟರ್ ಒಬ್ಬರು ಶಾಲೆಗಳಲ್ಲಿ ಫ್ಲಫ್ ಕಡಿಮೆ ಮಾಡಬೇಕು ಅಂತ ಹೊರಟಾಗ ಜನ ದೊಡ್ಡ ಗಲಾಟೆ ಮಾಡಿದರು. ಸಸ್ಯಾಹಾರಿಗಳಿಗೆ ಒಂದು ಮಾತು: ಫ್ಲಫ್‌ನಲ್ಲಿ ಜೆಲಟಿನ್ ಇಲ್ಲ, ಆದರೆ ಮೊಟ್ಟೆಯ ಬಿಳಿ ಇದೆ. ನನಗಂತೂ ಇದು ಅತಿಯಾದ ಸಿಹಿ.

*ಪೆನ್ಸಿಲ್ವೇನಿಯಾ, ಒಹಾಯೊ, ಇಂಡಿಯಾನಾದ ಆಮಿಷ್ ಜನ.* ಇವರು ಹಳೆಯ ಕಾಲದ ರೀತಿಯಲ್ಲೇ ಬದುಕುವ ಕ್ರೈಸ್ತ ಪಂಗಡದವರು. ಭಾನುವಾರದ ಪ್ರಾರ್ಥನೆ ಮುಗಿದ ಮೇಲಿನ ಊಟಕ್ಕೆ ಪೀನಟ್ ಬಟರ್, ಮಾರ್ಷ್‌ಮ್ಯಾಲೋ ಕ್ರೀಮ್ ಮತ್ತು ಕಾರ್ನ್ ಸಿರಪ್ ಅಥವಾ ಮೇಪಲ್ ಸಿರಪ್ ಕಲಸಿದ ಸ್ಪ್ರೆಡ್ ಇಡುತ್ತಾರೆ. ಮನೆ ಬ್ರೆಡ್ಡಿಗೆ ಸವರಿ, ಪಕ್ಕದಲ್ಲಿ ಉಪ್ಪಿನಲ್ಲಿಟ್ಟ ಸೌತೆಕಾಯಿ. ಆ ಹುಳಿಯೇ ಸಿಹಿಗೆ ಕಡಿವಾಣ.

*ದಕ್ಷಿಣ.* ಕಷ್ಟಕಾಲದ ನೆನಪಿಗೆ ಪೀನಟ್ ಬಟರ್ ಜೊತೆ ಮೇಯನೇಸ್ ಹಾಕುವವರು ಇನ್ನೂ ಇದ್ದಾರೆ. ಮುಖ ಕಿವಿಚಬೇಡಿ, ಮೇಯನೇಸ್‌ನ ವಿನೆಗರ್ ಹುಳಿ ಇಲ್ಲಿ ಜೆಲ್ಲಿಯ ಕೆಲಸ ಮಾಡುತ್ತೆ. ಇದೇ ಭಾಗದ ಹೆಸರಾಂತ ಗಾಯಕ ಎಲ್ವಿಸ್ ಪ್ರೀಸ್ಲಿಗೆ ಪ್ರಿಯವಾದದ್ದು ಬಾಳೆಹಣ್ಣಿನದು: ಹಣ್ಣು ಕಿವುಚಿ ಪೀನಟ್ ಬಟರ್ ಜೊತೆ ಬ್ರೆಡ್‌ನಲ್ಲಿಟ್ಟು ಬೆಣ್ಣೆಯಲ್ಲಿ ಎರಡೂ ಕಡೆ ಹೊಂಬಣ್ಣ ಬರುವವರೆಗೆ ಕಾಯಿಸುವುದು. ಏಲಕ್ಕಿ ಬಾಳೆಯಲ್ಲಿ ಮಾಡಿ, ಅದ್ಭುತ. ಇನ್ನೊಂದು ದೊಡ್ಡ ಅವತಾರ ಡೆನ್ವರ್‌ನ ಫೂಲ್ಸ್ ಗೋಲ್ಡ್ ಲೋಫ್. ಒಂದು ಇಡೀ ಬ್ರೆಡ್ ಕೊರೆದು ಒಂದು ಬಾಟಲಿ ಪೀನಟ್ ಬಟರ್, ಒಂದು ಬಾಟಲಿ ದ್ರಾಕ್ಷಿ ಜೆಲ್ಲಿ, ಒಂದು ಪೌಂಡ್ ಬೇಕನ್, ಅಂದರೆ ಉಪ್ಪು ಹಾಕಿದ ಹಂದಿಮಾಂಸ. 1976ರಲ್ಲಿ ಒಂದು ರಾತ್ರಿ ಅದು ನೆನಪಾಗಿ ಎಲ್ವಿಸ್ ಮೆಂಫಿಸ್‌ನಿಂದ ಸ್ವಂತ ವಿಮಾನದಲ್ಲಿ ಡೆನ್ವರ್‌ಗೆ ಹೋಗಿ, ವಿಮಾನ ನಿಲ್ದಾಣದಲ್ಲೇ ತಿಂದು ವಾಪಸ್ ಬಂದರು.

*ಮಿಡ್‌ವೆಸ್ಟ್.* ಚಿಲ್ಲಿ, ಅಂದರೆ ಬೀನ್ಸ್ ಹಾಕಿದ ಖಾರದ ಸಾರಿನಂಥದ್ದು, ಅದರ ಜೊತೆ ಪೀನಟ್ ಬಟರ್ ಸ್ಯಾಂಡ್‌ವಿಚ್ ಅದ್ದಿ ತಿನ್ನುವುದು ಶಾಲೆಯ ಊಟದಿಂದ ಬಂದ ಅಭ್ಯಾಸ. ಕಡಲೆಬೀಜ, ಖಾರ ಜೋಡಿ ನಮಗೇನು ಹೊಸದಲ್ಲ, ಅಲ್ವಾ? ರಾಜ್ಮಾದಲ್ಲಿ ಮಾಡಿ ನೋಡಿ, ಆದರೆ ಜೆಲ್ಲಿ ಬೇಡ.

*ಒರೆಗಾನ್.* ದ್ರಾಕ್ಷಿ ಬದಲು ಮೇರಿಯನ್‌ಬೆರಿ ಜಾಮ್. 1956ರಲ್ಲಿ ಅಲ್ಲೇ ಬಿಡುಗಡೆಯಾದ ಬ್ಲ್ಯಾಕ್‌ಬೆರಿ ತಳಿ ಅದು.

ಅಲ್ಲಿರುವ ಕನ್ನಡಿಗರಿಗೆ

ಕಡಲೆಬೀಜದ ಅಲರ್ಜಿ ಪ್ರಾಣಕ್ಕೇ ಬರಬಹುದು, ಹಾಗಾಗಿ ಅಮೆರಿಕದ ಅನೇಕ ಶಾಲೆಗಳಲ್ಲಿ ಇದಕ್ಕೆ ನಿರ್ಬಂಧ ಇದೆ. ಮೊದಲು ಟೀಚರ್‌ನ ಕೇಳಿ. ಪಿಬಿಜೆ ಕಳಿಸದೆ ಇರೋದು ಎಲ್ಲರಿಗೂ ನೆನಪಿರುತ್ತೆ, ಮರೆಯೋದು ನಮ್ಮ ತಿಂಡಿಗಳನ್ನು. ಚಿತ್ರಾನ್ನ, ಪುಳಿಯೋಗರೆ, ಅವಲಕ್ಕಿ ಒಗ್ಗರಣೆ, ಶೇಂಗಾ ಚಟ್ನಿಪುಡಿ ಸವರಿದ ಚಪಾತಿ, ಎಲ್ಲದರಲ್ಲೂ ಕಡಲೆಬೀಜ ಇದೆ. ಅಂಥ ಶಾಲೆಗೆ ಸೂರ್ಯಕಾಂತಿ ಬೀಜದ ಬೆಣ್ಣೆ ಆಗುತ್ತೆ, ಮೇಲಿನ ವಿಧಾನದಲ್ಲೇ ಮಾಡಬಹುದು, ಮಿಕ್ಸಿಗೆ ಸ್ವಲ್ಪ ಜಾಸ್ತಿ ಹೊತ್ತು ಬೇಕು.

ವಿಮಾನದಲ್ಲಿ ಹೋಗುವಾಗ ಪೀನಟ್ ಬಟರ್ ಬಾಟಲಿಯನ್ನು ಕೈಚೀಲದಲ್ಲಿಡಬೇಡಿ. ಅಲ್ಲಿನ ಭದ್ರತಾ ನಿಯಮದಲ್ಲಿ ಅದು ದ್ರವದ ಲೆಕ್ಕಕ್ಕೆ ಬರುತ್ತೆ, ಸುಮಾರು 100 ಮಿಲಿಗಿಂತ ಜಾಸ್ತಿ ಇದ್ದರೆ ಎಸೆಯುತ್ತಾರೆ. ಬ್ರೆಡ್ಡಿಗೆ ಸವರಿ ಸ್ಯಾಂಡ್‌ವಿಚ್ ಮಾಡಿಕೊಂಡರೆ ಯಾವ ತಕರಾರೂ ಇಲ್ಲ. ಹಿಂದಿನ ರಾತ್ರಿ ಮಾಡಿ ಬಿಗಿಯಾಗಿ ಸುತ್ತಿ ಫ್ರೀಜರ್‌ನಲ್ಲಿಟ್ಟರೆ ಬೆಳಿಗ್ಗೆ ಹಾಗೇ ಚೀಲಕ್ಕೆ ಹಾಕಬಹುದು, ಎರಡು ಮೂರು ಗಂಟೆಯಲ್ಲಿ ತಿನ್ನುವ ಹದಕ್ಕೆ ಬಂದಿರುತ್ತೆ.